ಪ್ಲೇಆಫ್‌ನಲ್ಲಿ ಡಿಫೆನ್ಸ್‌ಮನ್ ಆಟವನ್ನು ಅಳೆಯುವುದು ಹೇಗೆ: ಕೇಲ್ ಮಕಾರ್ ಉದಾಹರಣೆಯೊಂದಿಗೆ

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ 2022ರ ಸ್ಟಾನ್ಲಿ ಕಪ್ ಪ್ಲೇಆಫ್‌ನಲ್ಲಿ (ಲೀಗ್ ಹಂತದ ನಂತರದ ನಾಕೌಟ್ ಸರಣಿಗಳು) ಕೊಲರಾಡೊ ಅವಲಾಂಚ್ ತಂಡದ ಡಿಫೆನ್ಸ್‌ಮನ್ (ರಕ್ಷಣಾ ಆಟಗಾರ) ಕೇಲ್ ಮಕಾರ್ 20 ಪಂದ್ಯಗಳಲ್ಲಿ 8 ಗೋಲು, 21 ಅಸಿಸ್ಟ್ (ಗೋಲಿಗೆ ನೆರವಾದ ಪಾಸ್), ಒಟ್ಟು 29 ಪಾಯಿಂಟ್ ಗಳಿಸಿದರು. ತಂಡ ಕಪ್ ಗೆದ್ದಿತು, ಪ್ಲೇಆಫ್‌ನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಕಾನ್ ಸ್ಮೈತ್ ಟ್ರೋಫಿ ಮಕಾರ್ ಕೈಸೇರಿತು. ಈ ಅಂಕಿಗಳು ಎಲ್ಲರಿಗೂ ಗೊತ್ತು. ಆದರೆ ಅವರು ಪ್ರತಿ ಪಂದ್ಯದಲ್ಲೂ ಸುಮಾರು 27 ನಿಮಿಷ ಐಸ್ ಮೇಲಿದ್ದರು, ಅದರಲ್ಲಿ ಪಕ್ (ಆಡುವ ರಬ್ಬರ್ ಬಿಲ್ಲೆ) ಅವರ ಸ್ಟಿಕ್‌ಗೆ ತಾಗಿಕೊಂಡಿದ್ದದ್ದು ಬಹಳ ಸಣ್ಣ ಪಾಲು. ಉಳಿದ ಹೊತ್ತಿನಲ್ಲಿ ಏನು ನಡೆಯಿತು ಎಂಬುದನ್ನು ಪಾಯಿಂಟ್ ಪಟ್ಟಿ ಹೇಳುವುದಿಲ್ಲ. ಡಿಫೆನ್ಸ್‌ಮನ್ ಬೆಳೆದಿದ್ದಾನೋ ಇಲ್ಲವೋ ಎಂಬುದು ಗೊತ್ತಾಗುವುದೇ ಆ ಹೊತ್ತಿನಲ್ಲಿ. ಅದರಲ್ಲೂ ತನ್ನದೇ ಗೋಲಿನ ಹಿಂದೆ, ಬೆನ್ನಿಗೆ ಎದುರಾಳಿ ಅಂಟಿಕೊಂಡು ಬರುತ್ತಿರುವಾಗ.

ಈ ಬರಹ ಆ ಹೊತ್ತನ್ನು ನೋಡಿ, ಎಣಿಸಿ, ಹೋಲಿಸುವ ವಿಧಾನದ ಬಗ್ಗೆ.

ಮೊದಲು ಬರೆದುಕೊಳ್ಳುವ ವ್ಯವಸ್ಥೆ

ಒಬ್ಬನೇ ಆಟಗಾರನನ್ನು ಆರಿಸಿಕೊಳ್ಳಿ. ಇಬ್ಬರನ್ನು ಒಟ್ಟಿಗೆ ನೋಡಲು ಹೋದರೆ ಕಣ್ಣು ಮತ್ತೆ ಪಕ್‌ನ ಹಿಂದೆಯೇ ಓಡುತ್ತದೆ. ಪ್ರತಿ ಪಿರಿಯಡ್‌ಗೆ (ಪಂದ್ಯದ ಮೂರು ಭಾಗಗಳಲ್ಲಿ ಒಂದು) ಒಂದು ಪುಟ, ಪ್ರತಿ ಶಿಫ್ಟ್‌ಗೆ (ಐಸ್‌ಗೆ ಇಳಿದು ಮತ್ತೆ ಬೆಂಚಿಗೆ ಮರಳುವವರೆಗಿನ ಸರದಿ) ಒಂದು ಸಾಲು. ಸಾಲಿನಲ್ಲಿ ಐದು ವಿಷಯ ಸಾಕು: ಐಸ್‌ಗೆ ಇಳಿದ ಸಮಯ, ಎಷ್ಟು ಸೆಕೆಂಡ್ ಇದ್ದ, ಎದುರಿಗೆ ಯಾವ ಸಾಲಿನ ಫಾರ್ವರ್ಡ್‌ಗಳು, ಜೊತೆಗಾರ ಯಾರು, ಪಕ್ ವಾಪಸ್ ತರಲು ಹೋದಾಗ ಏನಾಯಿತು. ಕೊನೆಯದಕ್ಕೆ ಒಂದೊಂದು ಅಕ್ಷರದ ಗುರುತು ಇಟ್ಟುಕೊಳ್ಳಿ. ಸ್ಕೇಟ್ ಮಾಡಿಕೊಂಡು ತನ್ನ ವಲಯದಿಂದ ಹೊರಗೆ ತಂದರೆ ‘ಸ್ಕೇ’, ಪಾಸ್ ಕೊಟ್ಟು ಹೊರಗೆ ಕಳಿಸಿದರೆ ‘ಪಾ’, ರಿಂಕ್ ಸುತ್ತಲಿನ ಗಾಜಿಗೆ ಹೊಡೆದು ಹೊರದಬ್ಬಿದರೆ ‘ಗಾ’, ಐಸಿಂಗ್ (ಮಧ್ಯದ ಗೆರೆಯ ಈಚೆಯಿಂದ ಹೊಡೆದ ಪಕ್ ಯಾರಿಗೂ ತಾಗದೆ ಎದುರಾಳಿಯ ಗೋಲ್ ಲೈನ್ ದಾಟುವುದು) ಆದರೆ ‘ಐ’, ಕಳೆದುಕೊಂಡರೆ ‘ಕ’.

27 ನಿಮಿಷ ಆಡುವ ಆಟಗಾರನಿಗೆ ಪಂದ್ಯವೊಂದರಲ್ಲಿ 30ರ ಆಸುಪಾಸಿನ ಶಿಫ್ಟ್ ಬರುತ್ತವೆ. ಎಲ್ಲವನ್ನೂ ನೇರಪ್ರಸಾರದಲ್ಲೇ ಬರೆದುಕೊಳ್ಳುವುದು ಕಷ್ಟ. ನೋಡುವಾಗ ಸಮಯ ಮತ್ತು ಗುರುತು ಮಾತ್ರ ಹಾಕಿ, ಪಂದ್ಯ ಮುಗಿದ ಮೇಲೆ ‘ಕ’ ಮತ್ತು ‘ಐ’ ಇರುವ ಸಾಲುಗಳನ್ನು ಮರುಪ್ರಸಾರದಲ್ಲಿ ಮತ್ತೆ ನೋಡಿ. ಟಿವಿ ಕ್ಯಾಮೆರಾ ಪಕ್‌ನ ಜೊತೆ ಚಲಿಸುವುದರಿಂದ ಆಚೆ ಬದಿಯ ಡಿಫೆನ್ಸ್‌ಮನ್ ಎಷ್ಟೋ ಸಲ ಚೌಕಟ್ಟಿನಿಂದ ಹೊರಗಿರುತ್ತಾನೆ. ಕಾಣದ್ದನ್ನು ಊಹಿಸಿ ಬರೆಯಬೇಡಿ, ಆ ಜಾಗ ಖಾಲಿ ಬಿಡಿ.

ಪಕ್ ವಾಪಸ್ ತರುವ ಮೂರು ಸೆಕೆಂಡ್

ಎನ್‌ಎಚ್‌ಎಲ್ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ತಂಡದ ವಲಯದ ಗಡಿಯಾದ ಬ್ಲೂ ಲೈನ್‌ನಿಂದ ಗೋಲು ನಿಂತಿರುವ ಗೋಲ್ ಲೈನ್‌ಗೆ 64 ಅಡಿ, ಗೋಲ್ ಲೈನ್‌ನಿಂದ ಹಿಂದಿನ ಬೋರ್ಡ್‌ಗೆ (ರಿಂಕ್ ಸುತ್ತಲಿನ ಗೋಡೆ) 11 ಅಡಿ. ಎದುರಾಳಿ ಪಕ್ಕನ್ನು ಮೂಲೆಗೆ ಎಸೆದ ಕ್ಷಣ ಡಿಫೆನ್ಸ್‌ಮನ್ ಹಿಂದಕ್ಕೆ ಸ್ಕೇಟ್ ಮಾಡುತ್ತಿರುತ್ತಾನೆ. ಅವನು ತಿರುಗಿ, ವೇಗ ಹಿಡಿದು, ಆ 64 ಅಡಿ ದಾಟಿ, 11 ಅಡಿಯ ಇಕ್ಕಟ್ಟಿನಲ್ಲಿ ಪಕ್ ಎತ್ತಿಕೊಂಡು ಮತ್ತೆ ಮುಖ ತಿರುಗಿಸಬೇಕು. ಹಿಂದೆ ಬರುವ ಮೊದಲ ಫೋರ್‌ಚೆಕರ್ (ಪಕ್ ಕಸಿಯಲು ಬೆನ್ನಟ್ಟಿ ಬರುವ ಎದುರಾಳಿ) ಆಗಲೇ ಮುಂದಕ್ಕೆ ಓಡುತ್ತಿದ್ದವನು, ವೇಗ ಅವನ ಕಡೆಗಿದೆ. ಗೋಲಿ (ಗೋಲ್‌ಕೀಪರ್) ಹೊರಬಂದು ಪಕ್ ನಿಲ್ಲಿಸಿ ಸಹಾಯ ಮಾಡಬಹುದು ನಿಜ. ಆದರೆ ಗೋಲ್ ಲೈನ್‌ನ ಹಿಂದೆ, ಗೋಲಿನ ಬೆನ್ನಿಗೆ ಗುರುತು ಮಾಡಿರುವ ಜಾಗ ಬಿಟ್ಟು ಮೂಲೆಗಳಲ್ಲಿ ಗೋಲಿ ಪಕ್ ಆಡುವಂತಿಲ್ಲ. ಹಾಗಾಗಿ ಮೂಲೆಗೆ ಹೋದ ಪಕ್ ಡಿಫೆನ್ಸ್‌ಮನ್‌ನ ಪಾಲು.

ಇಲ್ಲಿ ಎಣಿಸಬೇಕಾದ ಮೊದಲ ಸಂಗತಿ ತಲೆ ತಿರುಗಿಸುವುದು. ಪಕ್ ಮುಟ್ಟುವ ಮೊದಲು ಒಳ್ಳೆಯ ಡಿಫೆನ್ಸ್‌ಮನ್ ಹೆಗಲ ಮೇಲಿಂದ ಕನಿಷ್ಠ ಎರಡು ಸಲ ಹಿಂದೆ ನೋಡುತ್ತಾನೆ. ಒಮ್ಮೆ ತಿರುಗಿದ ಕೂಡಲೇ, ಇನ್ನೊಮ್ಮೆ ಪಕ್‌ಗೆ ಹತ್ತಿರವಾದಾಗ. ಮೊದಲ ನೋಟದಲ್ಲಿ ಎಷ್ಟು ಜನ, ಯಾವ ಕಡೆಯಿಂದ ಬರುತ್ತಿದ್ದಾರೆ ಎಂದು ತಿಳಿಯುತ್ತದೆ. ಎರಡನೆಯದರಲ್ಲಿ ಮೊದಲ ಫೋರ್‌ಚೆಕರ್ ಯಾವ ಹಾದಿ ಮುಚ್ಚುತ್ತಿದ್ದಾನೆ ಎಂಬುದು. ಎರಡನೇ ನೋಟ ಇಲ್ಲದ ಶಿಫ್ಟ್‌ಗಳಲ್ಲಿ ‘ಕ’ ಮತ್ತು ‘ಗಾ’ ಹೆಚ್ಚಾಗುವುದನ್ನು ನಿಮ್ಮ ಪುಸ್ತಕವೇ ತೋರಿಸುತ್ತದೆ.

ಎರಡನೆಯದು ಹಾದಿ. ಪಕ್‌ನತ್ತ ಗೆರೆ ಎಳೆದಂತೆ ನೇರ ಹೋದವನಿಗೆ ಎದೆ ಬೋರ್ಡ್ ಕಡೆ, ಬೆನ್ನು ಎದುರಾಳಿ ಕಡೆ. ಅಲ್ಲಿಂದ ಯಾವ ಕಡೆ ಹೊರಡಬೇಕಾದರೂ ಮೊದಲು ನಿಲ್ಲಬೇಕು. ಸ್ವಲ್ಪ ಬಳಸಿಕೊಂಡು, ಬಿಲ್ಲಿನಾಕಾರದಲ್ಲಿ ಹೋದವನು ಪಕ್ ಮುಟ್ಟುವ ಹೊತ್ತಿಗೆ ಅರ್ಧ ತಿರುಗಿಯೇ ಇರುತ್ತಾನೆ. ಆ ಒಂದು ಗಳಿಗೆಯ ಉಳಿತಾಯದಲ್ಲೇ ಪಾಸ್ ಹುಟ್ಟುತ್ತದೆ. ಮೂರನೆಯದು ಮರುಳು ಮಾಡುವುದು: ಹೆಗಲು, ಸ್ಟಿಕ್ಕಿನ ಬ್ಲೇಡ್ ಎರಡನ್ನೂ ಒಂದು ಕಡೆಗೆ ತೋರಿಸಿ, ಸ್ಕೇಟಿನ ಅಂಚು ಅಗೆದು ಇನ್ನೊಂದು ಕಡೆ ಹೊರಳುವುದು. ಮಕಾರ್ ಆಟದಲ್ಲಿ ಇದನ್ನು ನಿಧಾನಗತಿಯಲ್ಲಿ ನೋಡಿ. ಸೊಂಟ ಒಂದು ಕಡೆ ಇಳಿದಾಗ ಫೋರ್‌ಚೆಕರ್ ತೂಕವೂ ಆ ಕಾಲಿಗೆ ಬೀಳುತ್ತದೆ, ಅಷ್ಟರಲ್ಲಿ ಮಕಾರ್ ಗೋಲಿನ ಇನ್ನೊಂದು ಬದಿಯಿಂದ ಹೊರಟಾಗಿರುತ್ತದೆ. ಅವರ ಎತ್ತರ 5 ಅಡಿ 11 ಇಂಚು, ಎನ್‌ಎಚ್‌ಎಲ್ ಡಿಫೆನ್ಸ್‌ಮನ್‌ಗಳ ನಡುವೆ ಅದು ದೊಡ್ಡ ಮೈಕಟ್ಟಲ್ಲ. ಹೊಡೆತ ತಡೆದುಕೊಳ್ಳುವುದಕ್ಕಿಂತ ಹೊಡೆತಕ್ಕೆ ಸಿಗದಿರುವುದೇ ಅವರ ರಕ್ಷಣೆ.

ಫಲಿತಾಂಶ ಗುರುತಿಸುವಾಗ ಒಂದು ಎಚ್ಚರಿಕೆ. ‘ಗಾ’ ಎಂದರೆ ಯಾವಾಗಲೂ ತಪ್ಪು ಎಂದಲ್ಲ. 50 ಸೆಕೆಂಡ್ ಹೊತ್ತು ತಮ್ಮ ವಲಯದೊಳಗೇ ಸಿಕ್ಕಿಕೊಂಡು ಐವರೂ ಬಳಲಿರುವಾಗ ಗಾಜಿಗೆ ತಾಗಿಸಿ ಹೊರದಬ್ಬಿ ಬದಲಿ ಆಟಗಾರರನ್ನು ಇಳಿಸುವುದೇ ಸರಿ. ಹಿಡಿತವಿರುವಾಗ, ಪಕ್ಕದಲ್ಲಿ ಸೆಂಟರ್ ಬಂದು ನಿಂತಿರುವಾಗ ಗಾಜಿಗೆ ಹೊಡೆದರೆ ಅದು ಭಯ. ಎರಡನ್ನೂ ಬೇರೆ ಬೇರೆ ಬರೆಯಿರಿ. ಗಾಜಿಗೆ ಹೊಡೆಯುವಲ್ಲಿ ಇನ್ನೊಂದು ಅಪಾಯವಿದೆ. ತನ್ನ ವಲಯದಿಂದ ಹೊಡೆದ ಪಕ್ ಯಾರಿಗೂ ತಾಗದೆ ನೇರ ಗಾಜಿನ ಮೇಲಿಂದ ಪ್ರೇಕ್ಷಕರತ್ತ ಹಾರಿದರೆ 2 ನಿಮಿಷ ಪೆನಾಲ್ಟಿ. ಅವಸರದಲ್ಲಿ ಬ್ಲೇಡ್ ತೆರೆದುಕೊಂಡಾಗ ಆಗುವ ತಪ್ಪು ಇದು, ಸರಣಿಯ ಕೊನೆಕೊನೆಗೆ ಸುಸ್ತಾದ ಕೈಗಳಿಂದ ಹೆಚ್ಚು.

ಪ್ಲೇಆಫ್ ಇದನ್ನೆಲ್ಲ ಏಕೆ ಕಠಿಣ ಮಾಡುತ್ತದೆ ಎಂದರೆ, ಒಂದೇ ಎದುರಾಳಿ ಏಳು ಪಂದ್ಯದವರೆಗೂ ಎದುರಾಗುತ್ತದೆ. ಮೂರನೇ ಪಂದ್ಯದ ಹೊತ್ತಿಗೆ ಅವರ ಕೋಚ್‌ಗಳು ವಿಡಿಯೊ ನೋಡಿ, ಈ ಆಟಗಾರ ಒತ್ತಡದಲ್ಲಿ ಯಾವ ಕಡೆಗೆ ತಿರುಗುತ್ತಾನೆ, ಬ್ಯಾಕ್‌ಹ್ಯಾಂಡ್‌ನಲ್ಲಿ ಪಾಸ್ ಕೊಡಬಲ್ಲನೇ ಎಂದು ಪಟ್ಟಿ ಮಾಡಿಯಾಗಿರುತ್ತದೆ. ಫಾರ್ವರ್ಡ್‌ಗಳಿಗೆ ಪಕ್ ಸಿಗದಿದ್ದರೂ ಅವನಿಗೆ ಭುಜ ಕೊಟ್ಟೇ ಬನ್ನಿ ಎಂಬ ಸೂಚನೆ ಇರುತ್ತದೆ. ಆದ್ದರಿಂದ ನಿಮ್ಮ ಪುಸ್ತಕದಲ್ಲಿ ಅತಿ ಬೆಲೆಯುಳ್ಳ ಹೋಲಿಕೆ ಮೊದಲ ಪಂದ್ಯಕ್ಕೂ ನಾಲ್ಕು ಅಥವಾ ಐದನೇ ಪಂದ್ಯಕ್ಕೂ ನಡುವಿನದು. ‘ಸ್ಕೇ’ ಕಡಿಮೆಯಾಗಿ ‘ಪಾ’ ಹೆಚ್ಚಾದರೆ ಅವನು ಎದುರಾಳಿಯ ಬದಲಾವಣೆಗೆ ಉತ್ತರ ಕಂಡುಕೊಂಡಿದ್ದಾನೆ. ‘ಸ್ಕೇ’ ಕಡಿಮೆಯಾಗಿ ‘ಗಾ’, ‘ಐ’ ಹೆಚ್ಚಾದರೆ ಎದುರಾಳಿ ಗೆಲ್ಲುತ್ತಿದ್ದಾನೆ, ಅಂದು ಪಾಯಿಂಟ್ ಎಷ್ಟೇ ಬಂದಿರಲಿ.

ಜೊತೆಗಾರನನ್ನು ಮರೆಯಬೇಡಿ. 2022ರಲ್ಲಿ ಮಕಾರ್ ಪಕ್ಕದಲ್ಲಿದ್ದದ್ದು ಡೆವನ್ ಟೇವ್ಸ್. ಒಬ್ಬ ಪಕ್‌ಗೆ ಹೋದಾಗ ಇನ್ನೊಬ್ಬ ಗೋಲಿನ ಮುಂದೆ ನಿಲ್ಲುತ್ತಾನೋ, ಆಚೆ ಮೂಲೆಗೆ ಸರಿದು ಪಾಸ್‌ಗೆ ಸಿಗುತ್ತಾನೋ, ಕೂಗಿ ಹೇಳುತ್ತಾನೋ ಎಂಬುದರ ಮೇಲೆ ಮೊದಲನೆಯವನ ಅರ್ಧ ಕೆಲಸ ನಿಂತಿದೆ. ಜೋಡಿ ಬದಲಾದ ಪಂದ್ಯದಲ್ಲಿ ಅಂಕಿಗಳು ಕುಸಿದರೆ ತಪ್ಪು ಇವನದೇ ಎಂದು ಬರೆದುಬಿಡಬೇಡಿ.

ಎದುರಾಳಿ ಪಕ್ ಹಿಡಿದು ಬರುವಾಗ

ನಿಯಮದ ಪ್ರಕಾರ ಸ್ಟಿಕ್‌ನ ಉದ್ದ ಸಾಮಾನ್ಯವಾಗಿ 63 ಇಂಚು ಮೀರುವಂತಿಲ್ಲ, ಅಂದರೆ ಐದೂಕಾಲು ಅಡಿ. ಅಂತರ ಅಳೆಯಲು ಅದೇ ಮಾಪಕ. ಎದುರಾಳಿ ಮಧ್ಯದ ಕೆಂಪು ಗೆರೆ ದಾಟುವಾಗ ಡಿಫೆನ್ಸ್‌ಮನ್ ಎರಡು ಸ್ಟಿಕ್ ದೂರದಲ್ಲಿ, ತನ್ನ ಬ್ಲೂ ಲೈನ್ ಬಳಿ ಒಂದು ಸ್ಟಿಕ್ ದೂರದಲ್ಲಿ ಇದ್ದರೆ ಅಂತರ ಸರಿಯಾಗಿದೆ. ಮೂರು ಸ್ಟಿಕ್ ದೂರ ಇದ್ದರೆ ಎದುರಾಳಿ ಸಲೀಸಾಗಿ ಗೆರೆ ದಾಟಿ, ಡಿಫೆನ್ಸ್‌ಮನ್‌ನ ಕಾಲುಗಳನ್ನೇ ಪರದೆ ಮಾಡಿಕೊಂಡು ಶಾಟ್ ಹೊಡೆಯುತ್ತಾನೆ.

ಸಾಮಾನ್ಯ ತಪ್ಪುಗಳು ಮೂರು. ಒಂದು ಕೈಯಲ್ಲಿ ಸ್ಟಿಕ್ ಚಾಚಿ ಪಕ್‌ಗೆ ಕೈಹಾಕುವುದು: ತೂಕ ಮುಂದಕ್ಕೆ ಹೋಯಿತೆಂದರೆ ವಾಪಸ್ ಬರಲಾಗದು. ಎದುರಾಳಿಯ ಎದೆಯ ಬದಲು ಪಕ್ ನೋಡುವುದು. ಬದಿಯ ಬೋರ್ಡ್ ಕಡೆಗೆ ತಳ್ಳುವ ಬದಲು ನಡುವಿನ ದಾರಿ ಬಿಟ್ಟುಕೊಡುವುದು. ಎರಡು ಫೇಸಾಫ್ ಚುಕ್ಕೆಗಳ (ಆಟ ಮತ್ತೆ ಶುರುಮಾಡುವ ಗುರುತುಗಳು) ನಡುವಿನ ಪಟ್ಟಿಯಿಂದ ಹೊಡೆಯುವ ಶಾಟ್ ಅಪಾಯದ್ದು, ಅದರ ಹೊರಗಿನಿಂದ ಹೊಡೆದದ್ದನ್ನು ಗೋಲಿ ನೋಡಿಕೊಳ್ಳುತ್ತಾನೆ. ಆದ್ದರಿಂದ ಎದುರಾಳಿಯನ್ನು ಚುಕ್ಕೆಯ ಹೊರಗೆ ದಬ್ಬಿದರೆ ಪಕ್ ಕಸಿಯದಿದ್ದರೂ ಅದು ಗೆಲುವೇ. ಅದಕ್ಕೂ ಒಂದು ಗುರುತು ಹಾಕಿ.

ದಾಳಿಯ ಬ್ಲೂ ಲೈನ್ ಮೇಲೆ

ಮಕಾರ್ ಹೆಸರು ಮಾಡಿದ್ದು ಇಲ್ಲಿ. ಆದರೂ ಇಲ್ಲಿ ನೋಡಬೇಕಾದ್ದು ಶಾಟ್‌ನ ವೇಗವಲ್ಲ, ಶಾಟ್‌ಗೆ ಮೊದಲಿನ ಎರಡು ಮೂರು ಹೆಜ್ಜೆ. ಪಕ್ ಸಿಕ್ಕ ಕೂಡಲೇ ಗೆರೆಯುದ್ದಕ್ಕೂ ಅಡ್ಡಡ್ಡ ಸರಿದು, ಎದುರು ನಿಂತ ಫಾರ್ವರ್ಡ್‌ನ ಕೋನ ಕೆಡಿಸಿ, ಗೋಲಿಗೆ ಖಾಲಿ ಹಾದಿ ಕಾಣುವವರೆಗೂ ತಲೆ ಎತ್ತಿಯೇ ಇರುತ್ತಾರೆ. ಎಣಿಕೆ ಸುಲಭ: ಬ್ಲೂ ಲೈನ್‌ನಿಂದ ಹೊಡೆದ ಶಾಟ್‌ಗಳಲ್ಲಿ ಎಷ್ಟು ಗೋಲಿಯವರೆಗೆ ತಲುಪಿದವು, ಎಷ್ಟು ಎದುರಾಳಿಯ ಮೈಗೆ ತಾಗಿ ಬಿದ್ದವು. ಪ್ಲೇಆಫ್‌ನಲ್ಲಿ ಮೈಯೊಡ್ಡಿ ತಡೆಯುವವರು ಹೆಚ್ಚು. ತಡೆದ ಪಕ್ ತಡೆದವನ ಮುಂದೆಯೇ ಬೀಳುವುದರಿಂದ ಅದು ನೇರ ಪ್ರತಿದಾಳಿ. ಬಲವಾದ ಎತ್ತರದ ಶಾಟ್‌ಗಿಂತ ಮೊಣಕಾಲ ಎತ್ತರಕ್ಕೂ ಕೆಳಗೆ ಹೋಗಿ ಗೋಲಿನ ಮುಂದಿನವನ ಸ್ಟಿಕ್‌ಗೆ ತಾಗುವ ಶಾಟ್ ಹೆಚ್ಚು ಕೆಲಸ ಮಾಡುತ್ತದೆ.

ಗೆರೆಯ ಅರಿವಿಗೆ ಒಂದು ಉದಾಹರಣೆ. 2022ರ ಪಶ್ಚಿಮ ವಿಭಾಗದ ಫೈನಲ್, ಎಡ್ಮಂಟನ್ ಆಯಿಲರ್ಸ್ ವಿರುದ್ಧದ ಮೊದಲ ಪಂದ್ಯ. ಪಕ್ ಬ್ಲೂ ಲೈನ್ ದಾಟುವಾಗ ಸಹ ಆಟಗಾರ ವಲೇರಿ ನಿಚುಷ್ಕಿನ್ ಇನ್ನೂ ವಲಯದೊಳಗಿದ್ದರು, ಹೊರಗೆ ಬರುತ್ತಿದ್ದರು. ಮಕಾರ್ ಪಕ್ಕನ್ನು ಮುಂದೆ ತಳ್ಳಿದರೇ ಹೊರತು, ನಿಚುಷ್ಕಿನ್ ಸ್ಕೇಟ್ ಗೆರೆಗೆ ತಾಗುವವರೆಗೂ ಅದನ್ನು ಮತ್ತೆ ಮುಟ್ಟಲಿಲ್ಲ. ನಂತರ ಮುಟ್ಟಿ ಗೋಲು ಹೊಡೆದರು. ಎಡ್ಮಂಟನ್ ಇದು ಆಫ್‌ಸೈಡ್ (ಪಕ್‌ಗಿಂತ ಮೊದಲೇ ಆಟಗಾರ ದಾಳಿಯ ವಲಯದಲ್ಲಿರುವುದು) ಎಂದು ಪ್ರಶ್ನಿಸಿತು, ಗೋಲು ನಿಂತಿತು, ಸೋತ ಪ್ರಶ್ನೆಗೆ ಪೆನಾಲ್ಟಿಯೂ ಬಿತ್ತು. ಆ ಗೋಲಿನ ಬಗ್ಗೆ ಜೋರು ಚರ್ಚೆ ನಡೆಯಿತು. ಅದನ್ನು ಮತ್ತೆ ನೋಡುವಾಗ ತೀರ್ಪನ್ನು ಬದಿಗಿಟ್ಟು ಮಕಾರ್ ಸ್ಟಿಕ್‌ನ ಬ್ಲೇಡ್‌ಗೂ ಪಕ್‌ಗೂ ನಡುವಿನ ಜಾಗ ಗಮನಿಸಿ. ಆ ಸರಣಿಯನ್ನು ಕೊಲರಾಡೊ 4-0 ಅಂತರದಿಂದ ಗೆದ್ದಿತು. ನಾಲ್ಕನೇ ಪಂದ್ಯದಲ್ಲಿ ಮಕಾರ್ ಒಬ್ಬರೇ 1 ಗೋಲು, 4 ಅಸಿಸ್ಟ್ ಗಳಿಸಿದರು.

ಮುಂದೆ ನುಗ್ಗುವ ತೀರ್ಮಾನಕ್ಕೆ ಒಂದು ಸರಳ ಪರೀಕ್ಷೆ ಇದೆ. ಡಿಫೆನ್ಸ್‌ಮನ್ ಗೆರೆ ಬಿಟ್ಟು ಬೋರ್ಡ್ ಗುಂಟ ಕೆಳಗಿಳಿದ ಕ್ಷಣ ಚಿತ್ರ ನಿಲ್ಲಿಸಿ, ತನ್ನ ತಂಡದ ಮೂರನೇ ಫಾರ್ವರ್ಡ್ ಎಲ್ಲಿದ್ದಾನೆ ನೋಡಿ. ಫೇಸಾಫ್ ವೃತ್ತಗಳ ಮೇಲ್ಭಾಗದಲ್ಲಿ ಇದ್ದರೆ ಹಿಂದಿನ ಜಾಗಕ್ಕೆ ಕಾವಲಿದೆ, ನುಗ್ಗಿದ್ದು ಸರಿ. ಮೂವರೂ ಗೋಲ್ ಲೈನ್ ಬಳಿ ಸಿಕ್ಕಿಕೊಂಡಿದ್ದರೆ ಪಕ್ ಸಿಕ್ಕಿದ್ದರೂ ತೀರ್ಮಾನ ತಪ್ಪು. ಫಲಿತಾಂಶದಿಂದ ತೀರ್ಮಾನ ಅಳೆದರೆ ಆಟಗಾರನ ಬೆಳವಣಿಗೆ ಎಂದೂ ಕಾಣುವುದಿಲ್ಲ.

ನಿಮಿಷಗಳ ಲೆಕ್ಕ

40ರಿಂದ 50 ಸೆಕೆಂಡ್‌ನ ಶಿಫ್ಟ್ ಆರೋಗ್ಯಕರ. 60 ದಾಟಿದರೆ ಕಾಲು ಭಾರವಾಗಿ, ತಿರುಗುವಲ್ಲಿ ಗಲಿಬಿಲಿಯಾಗುತ್ತದೆ. ಎರಡನೇ ಪಿರಿಯಡ್‌ನಲ್ಲಿ, ಪ್ಲೇಆಫ್‌ನ ಮೊದಲ ಓವರ್‌ಟೈಮ್‌ನಲ್ಲೂ, ತಂಡದ ಬೆಂಚ್ ಅದು ಕಾಯುವ ಗೋಲಿನಿಂದ ದೂರವಿರುತ್ತದೆ. ಬದಲಿ ಇಳಿಸುವುದು ಡಿಫೆನ್ಸ್‌ಮನ್‌ಗಳಿಗೇ ಹೆಚ್ಚು ಕಷ್ಟ. ಐಸಿಂಗ್ ಮಾಡಿದ ತಂಡ ಆಟಗಾರರನ್ನು ಬದಲಿಸುವಂತಿಲ್ಲ ಎಂಬುದನ್ನೂ ಸೇರಿಸಿದರೆ, ಒಂದು ‘ಐ’ ಎಷ್ಟು ದುಬಾರಿ ಎಂದು ತಿಳಿಯುತ್ತದೆ. ಇನ್ನು, ಆಟ ನಿಂತಾಗ ಕೊನೆಯದಾಗಿ ಆಟಗಾರರನ್ನು ಇಳಿಸುವ ಹಕ್ಕು ತವರು ತಂಡಕ್ಕಿದೆ. ತವರಿನಲ್ಲಿ ಕೋಚ್ ತನ್ನ ಡಿಫೆನ್ಸ್‌ಮನ್‌ನನ್ನು ಬೇಕಾದವರ ಎದುರು ನಿಲ್ಲಿಸಬಲ್ಲ, ಹೊರಗೆ ಹೋದಾಗ ಎದುರಾಳಿ ಕೋಚ್ ಅವನನ್ನು ಹುಡುಕಿ ಬೇಟೆಯಾಡುತ್ತಾನೆ. ಎರಡೂ ಬಗೆಯ ಪಂದ್ಯಗಳನ್ನು ಬೇರೆ ಪುಟದಲ್ಲಿಡಿ.

ಎಷ್ಟು ಹೊರೆ ಹೊರಬಹುದು ಎಂಬುದಕ್ಕೆ 2015ರ ಡಂಕನ್ ಕೀತ್ ಅವರ ಆಟ ಮಾದರಿ. ಶಿಕಾಗೊ ಬ್ಲ್ಯಾಕ್‌ಹಾಕ್ಸ್ ಬಹುಪಾಲು ನಾಲ್ಕೇ ಡಿಫೆನ್ಸ್‌ಮನ್‌ಗಳನ್ನು ನೆಚ್ಚಿಕೊಂಡಿತ್ತು. ಕೀತ್ 23 ಪಂದ್ಯಗಳಲ್ಲಿ ಸರಾಸರಿ 31 ನಿಮಿಷಕ್ಕೂ ಹೆಚ್ಚು ಆಡಿ, 21 ಪಾಯಿಂಟ್ ಗಳಿಸಿ, ಕಪ್ ಗೆದ್ದ ಪಂದ್ಯದ ಮೊದಲ ಗೋಲನ್ನೂ ಹೊಡೆದು ಕಾನ್ ಸ್ಮೈತ್ ಪಡೆದರು. ಅಷ್ಟು ನಿಮಿಷ ಸಾಧ್ಯವಾದದ್ದು ಅವರು ಪ್ರತಿ ಶಿಫ್ಟ್‌ನಲ್ಲೂ ಓಡಿದ್ದರಿಂದಲ್ಲ, ಓಡಬೇಕಾಗಿಲ್ಲದ ಜಾಗದಲ್ಲಿ ಮೊದಲೇ ನಿಂತಿದ್ದರಿಂದ.

ವರ್ಷಗಳ ಬೆಳವಣಿಗೆ

ಮಕಾರ್ ಅವರನ್ನು 2017ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) 4ನೇ ಆಯ್ಕೆಯಾಗಿ ಕೊಲರಾಡೊ ತೆಗೆದುಕೊಂಡಿತು. ಅವರು ನೇರ ಎನ್‌ಎಚ್‌ಎಲ್‌ಗೆ ಹೋಗದೆ ಎರಡು ವರ್ಷ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯಕ್ಕೆ ಆಡಿದರು. ಮೊದಲ ವರ್ಷ 34 ಪಂದ್ಯಗಳಲ್ಲಿ 21 ಪಾಯಿಂಟ್, ಎರಡನೇ ವರ್ಷ 41 ಪಂದ್ಯಗಳಲ್ಲಿ 49. ಕಾಲೇಜು ಹಾಕಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಹೋಬಿ ಬೇಕರ್ ಪ್ರಶಸ್ತಿಯೂ ಬಂತು. 2019ರ ಏಪ್ರಿಲ್ 13ರಂದು ಕಾಲೇಜು ಫೈನಲ್ ಸೋತ ಎರಡೇ ದಿನಕ್ಕೆ, ಕಾಲ್ಗರಿ ಫ್ಲೇಮ್ಸ್ ವಿರುದ್ಧದ ಪ್ಲೇಆಫ್ ಪಂದ್ಯದಲ್ಲಿ ಎನ್‌ಎಚ್‌ಎಲ್‌ಗೆ ಕಾಲಿಟ್ಟು ಗೋಲು ಹೊಡೆದರು. 2020ರಲ್ಲಿ ಅತ್ಯುತ್ತಮ ಹೊಸ ಆಟಗಾರನ ಕಾಲ್ಡರ್, 2022 ಮತ್ತು 2025ರಲ್ಲಿ ಅತ್ಯುತ್ತಮ ಡಿಫೆನ್ಸ್‌ಮನ್‌ನ ನಾರಿಸ್. 2024-25ರಲ್ಲಿ 30 ಗೋಲು, ಒಟ್ಟು 92 ಪಾಯಿಂಟ್.

ಈ ಪಟ್ಟಿ ಬೆಳವಣಿಗೆಯ ಹೊರಮೈ. ಒಳಗೆ ನೋಡಲು 2022ರ ಫೈನಲ್‌ನ ಎರಡನೇ ಪಂದ್ಯ ಹಾಕಿಕೊಳ್ಳಿ. ಟ್ಯಾಂಪಾ ಬೇ ಲೈಟ್ನಿಂಗ್ ವಿರುದ್ಧ ಕೊಲರಾಡೊ 7-0 ಗೆದ್ದ ಆ ಪಂದ್ಯದಲ್ಲಿ ಮಕಾರ್ ಎರಡು ಗೋಲು ಹೊಡೆದರು: ಒಂದು ಪವರ್ ಪ್ಲೇಯಲ್ಲಿ (ಪೆನಾಲ್ಟಿಯಿಂದ ಎದುರಾಳಿಗೆ ಆಟಗಾರ ಕಡಿಮೆ ಇರುವ ಹೊತ್ತು), ಇನ್ನೊಂದು ತನ್ನ ತಂಡದಲ್ಲೇ ಒಬ್ಬ ಕಡಿಮೆ ಇದ್ದಾಗ. ಆಟಗಾರ ಕಡಿಮೆ ಇರುವಾಗಲೂ ಕೋಚ್ ಅವರನ್ನು ಐಸ್ ಮೇಲೆ ಇಟ್ಟಿದ್ದರು ಎಂಬುದನ್ನು ಮೊದಲು ಗಮನಿಸಿ, ಗೋಲನ್ನು ಆಮೇಲೆ. ದಾಳಿಗೆ ಹೆಸರಾದ ಎಳೆಯ ಡಿಫೆನ್ಸ್‌ಮನ್‌ಗೆ ಪವರ್ ಪ್ಲೇ ಬೇಗ ಸಿಗುತ್ತದೆ, ಪೆನಾಲ್ಟಿ ಕಿಲ್ (ಒಬ್ಬ ಕಡಿಮೆ ಇರುವಾಗಿನ ರಕ್ಷಣೆ) ನಿಧಾನಕ್ಕೆ ಸಿಗುತ್ತದೆ. ಮುನ್ನಡೆಯಲ್ಲಿರುವಾಗ ಕೊನೆಯ ಎರಡು ನಿಮಿಷ ಯಾರನ್ನು ಇಳಿಸುತ್ತಾರೆ ಎಂಬುದು ಇನ್ನೂ ತಡವಾಗಿ ಬದಲಾಗುತ್ತದೆ. ಈ ಮೂರನ್ನು ವರ್ಷವರ್ಷ ಬರೆದಿಟ್ಟರೆ ಕೋಚ್‌ನ ನಂಬಿಕೆ ಬೆಳೆದ ಹಾದಿ ಸಿಗುತ್ತದೆ.

ಡಿಫೆನ್ಸ್‌ಮನ್ ಮಾಗಲು ಸಮಯ ಬೇಕು. 2009ರಲ್ಲಿ 2ನೇ ಆಯ್ಕೆಯಾಗಿ ಬಂದ ವಿಕ್ಟರ್ ಹೆಡ್ಮನ್ ನಾರಿಸ್ ಗೆದ್ದದ್ದು 2018ರಲ್ಲಿ, ಕಾನ್ ಸ್ಮೈತ್ ಗೆದ್ದದ್ದು 2020ರಲ್ಲಿ. ಬೇರೆ ಕಾಲದವರ ಜೊತೆ ಪಾಯಿಂಟ್ ಹೋಲಿಸುವುದೂ ಬೇಡ. ಒಂದೇ ಪ್ಲೇಆಫ್‌ನಲ್ಲಿ ಡಿಫೆನ್ಸ್‌ಮನ್ ಒಬ್ಬ ಗಳಿಸಿದ ಗರಿಷ್ಠ ಪಾಯಿಂಟ್ ದಾಖಲೆ ಪಾಲ್ ಕಾಫಿ ಅವರದು, 1985ರಲ್ಲಿ 18 ಪಂದ್ಯಗಳಿಗೆ 37. ಅದು ಅದ್ಭುತ ಆಟ, ಜೊತೆಗೆ ಗೋಲುಗಳ ಸುರಿಮಳೆಯ ದಶಕವೂ ಹೌದು.

ಲೆಕ್ಕ ತಪ್ಪುವ ಕಡೆಗಳು

ಪ್ಲಸ್-ಮೈನಸ್ (ಆಟಗಾರ ಐಸ್ ಮೇಲಿದ್ದಾಗ ತಂಡ ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ವ್ಯತ್ಯಾಸ) ನಂಬಿ ಕೂರಬೇಡಿ. ಏಳು ಪಂದ್ಯದ ಸರಣಿಯಲ್ಲಿ ಗೋಲಿ ಎರಡು ಸುಲಭದ ಶಾಟ್ ಬಿಟ್ಟರೆ ಅದು ಐಸ್ ಮೇಲಿದ್ದ ಐವರ ಲೆಕ್ಕಕ್ಕೂ ಬೀಳುತ್ತದೆ. ಗಾಯ ಇನ್ನೊಂದು ತೊಡಕು. ಪ್ಲೇಆಫ್‌ನಲ್ಲಿ ತಂಡಗಳು ಗಾಯವನ್ನು ದೇಹದ ಮೇಲ್ಭಾಗ, ಕೆಳಭಾಗ ಎಂದಷ್ಟೇ ಹೇಳಿ ಮುಚ್ಚಿಡುತ್ತವೆ. ಒಂದೇ ಕಡೆಗೆ ತಿರುಗುವುದು, ಹಿಂದೆ ಸ್ಕೇಟ್ ಮಾಡಿಕೊಂಡು ಹೊರಬರುತ್ತಿದ್ದ ಜಾಗದಲ್ಲಿ ಈಗ ಪಾಸ್ ಕೊಟ್ಟುಬಿಡುವುದು, ಸ್ಲ್ಯಾಪ್ ಶಾಟ್ ಬದಲು ಮಣಿಕಟ್ಟಿನ ಶಾಟ್‌ಗೇ ಅಂಟಿಕೊಳ್ಳುವುದು, ಇವು ಎರಡು ಪಂದ್ಯ ಸತತವಾಗಿ ಕಂಡರೆ ಪುಟದ ಅಂಚಿನಲ್ಲಿ ಪ್ರಶ್ನಾರ್ಥಕ ಹಾಕಿ. ಒಂದು ಪಂದ್ಯದಲ್ಲಿ ಕಂಡರೆ ಹಾಕಬೇಡಿ.

ನೀವೇ ಆಡುವವರಾದರೆ

ಮೇಲಿನ ಎಣಿಕೆಯಲ್ಲಿ ಅಭ್ಯಾಸದಿಂದ ಬೇಗ ಸುಧಾರಿಸುವುದು ತಲೆ ತಿರುಗಿಸುವ ಅಭ್ಯಾಸ. ಬ್ಲೂ ಲೈನ್ ಮೇಲೆ ಹಿಂದಕ್ಕೆ ಸ್ಕೇಟ್ ಮಾಡುತ್ತಾ ಶುರುಮಾಡಿ. ಕೋಚ್ ಪಕ್ಕನ್ನು ಮೂಲೆಗೆ ಕಳಿಸಿ, ನಿಮ್ಮ ಬೆನ್ನ ಹಿಂದೆ ನಿಂತು ಬೆರಳು ಎತ್ತಿ ಹಿಡಿಯಲಿ. ಪಕ್ ಮುಟ್ಟುವ ಮೊದಲು ಎರಡು ಸಲ ತಿರುಗಿ ನೋಡಿ, ಎರಡೂ ಸಲ ಬೆರಳುಗಳ ಸಂಖ್ಯೆ ಕೂಗಬೇಕು. ಎರಡರ ನಡುವೆ ಕೋಚ್ ಸಂಖ್ಯೆ ಬದಲಿಸಬೇಕು, ಇಲ್ಲದಿದ್ದರೆ ಎರಡನೇ ಸಲ ನೋಡದೆಯೇ ಕೂಗುವ ಚಾಳಿ ಬೀಳುತ್ತದೆ. ಎಡ ಮೂಲೆಗೆ 6, ಬಲ ಮೂಲೆಗೆ 6, ನಡುವೆ 30 ಸೆಕೆಂಡ್ ವಿಶ್ರಾಂತಿ. ತಪ್ಪು ಸಂಖ್ಯೆ ಕೂಗಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಇದು ಸಲೀಸಾದ ಮೇಲೆ ಬೆರಳಿನ ಬದಲು ಎರಡು ಸ್ಟಿಕ್ ದೂರದಿಂದ ಬೆನ್ನಟ್ಟುವ ಆಟಗಾರನನ್ನು ಇಡಿ. ಅವನು ಯಾವ ಕಡೆ ಮುಚ್ಚುತ್ತಾನೋ ಅದರ ವಿರುದ್ಧ ದಿಕ್ಕಿಗೆ ಹೊರಡಬೇಕು, ಪಕ್ ಮುಟ್ಟುವಾಗ ಕಾಲು ನಿಲ್ಲಬಾರದು. ಆರಂಭದಲ್ಲಿ ಅವನು ಮುಕ್ಕಾಲು ವೇಗದಲ್ಲಿ ಬರಲಿ. ಮೊದಲ ದಿನವೇ ಪೂರ್ಣ ವೇಗದಲ್ಲಿ ಬಂದರೆ ಕಲಿಯುವವನು ನೋಡುವುದನ್ನೇ ಬಿಟ್ಟು ಗಾಜಿಗೆ ಹೊಡೆಯಲು ಶುರುಮಾಡುತ್ತಾನೆ. 12ರಲ್ಲಿ 9 ಸಲ ಹಿಡಿತದೊಂದಿಗೆ ಹೊರಬಂದ ಮೇಲೆ ಅಂತರವನ್ನು ಒಂದು ಸ್ಟಿಕ್‌ಗೆ ಇಳಿಸಿ, ಆಮೇಲೆ ಆಚೆ ಬದಿಯಿಂದ ಎರಡನೇ ಫೋರ್‌ಚೆಕರ್ ಸೇರಿಸಿ. ಅಷ್ಟು ಹೊತ್ತಿಗೆ ಗೋಲಿನ ಮುಂದೆ ಜೊತೆಗಾರನೂ ಇರಬೇಕು, ಮತ್ತು ಅವನು ಪ್ರತಿ ಸಲವೂ ಬಾಯಿಬಿಟ್ಟು ಹೇಳಬೇಕು: “ಹಿಂದೆ ಒಬ್ಬ”, “ಸಮಯ ಇದೆ”, “ಆ ಕಡೆ ಕೊಡು”.